ಗಂಟಿನ ಹಗ್ಗ ಹಿಡಿದು ದಾಟಿದ ರಸ್ತೆ

ಬೆಳಿಗ್ಗೆ ಎದ್ದು ನೀರು ಹಿಡಿದೆ, ದೋಸೆಗೆ ನೆನೆಹಾಕಿದೆ, ದಿಂಬಿನ ಕವರುಗಳನ್ನು ಒಗೆದೆ, ಗ್ಯಾಸಿನವನಿಗೆ ಖಾಲಿ ಸಿಲಿಂಡರ್ ಕೊಟ್ಟೆ. ಮಹಡಿಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದಾಗ ತುಮಕೂರು ರಸ್ತೆ ಕಡೆಯಿಂದ ಟ್ರಾಫಿಕ್ ಪೊಲೀಸಿನವರ ಸೀಟಿ ಕೇಳಿಸಿತು. ಒಂದು ಉದ್ದ, ಎರಡು ಗಿಡ್ಡ. ಕೈ ಹಾಗೇ ನಿಂತುಬಿಟ್ಟಿತು. ನಮ್ಮ ದೊಡ್ಡಪ್ಪ ಊದುತ್ತಿದ್ದುದೂ ಹೀಗೇ.

ದೊಡ್ಡಪ್ಪ ಸೈನ್ಯದಲ್ಲಿ ಹವಾಲ್ದಾರರಾಗಿದ್ದವರು. ಎಪ್ಪತ್ತರ ದಶಕದ ಕೊನೆಗೆ, ಎಡಗಾಲನ್ನು ಸ್ವಲ್ಪ ಎಳೆಯುತ್ತ, ಯುದ್ಧದಲ್ಲಿ ಸಿಕ್ಕ ಪದಕವೊಂದನ್ನು ಟ್ರಂಕಿನಲ್ಲಿಟ್ಟುಕೊಂಡು ದಾಸರಹಳ್ಳಿಯ ನಮ್ಮ ಹೆಂಚಿನ ಮನೆಗೆ ಬಂದರು. ಅಪ್ಪ ಪೀಣ್ಯದ ಕಾರ್ಖಾನೆಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ಕಾಲ ಅದು. ಮನೆಗಳು ರಸ್ತೆಯ ಈಚೆ, ಸ್ಕೂಲು ಆಚೆ, ನಡುವೆ ಕಬ್ಬಿಣ ಹೊತ್ತ ಲಾರಿಗಳು. ದೊಡ್ಡಪ್ಪ ಯಾರನ್ನೂ ಕೇಳಲಿಲ್ಲ, ಅರ್ಜಿ ಬರೆಯಲಿಲ್ಲ. ಬಾವಿಯ ಹಳೇ ಹಗ್ಗಕ್ಕೆ ಮೊಳಕ್ಕೊಂದು ಗಂಟು ಹಾಕಿ, ಬೀದಿಯ ಒಂದೊಂದು ಮಗುವಿಗೆ ಒಂದೊಂದು ಗಂಟು ಕೊಟ್ಟರು. ನನ್ನದು ಏಳನೆಯದು. ಆಸೆಪಟ್ಟು ಬೇರೆಯವರ ಗಂಟು ಹಿಡಿದರೆ, "ಪೋಸ್ಟ್ ಬಿಟ್ಟು ಎಲ್ಲಿಗ್ ಹೊರಟೆ ಸಿಪಾಯಿ?" ಎಂದು ಗದರುತ್ತಿದ್ದರು. ಸೀಟಿ ಊದಿದರೆ ನಾವೆಲ್ಲ ಒಂದೇ ಹೆಜ್ಜೆ.

ಆದರೆ ಪಂಚೆ ಉಟ್ಟ ಕುಂಟ ಮನುಷ್ಯನ ಸೀಟಿಗೆ ಎಲ್ಲ ಲಾರಿಗಳೂ ನಿಲ್ಲುತ್ತಿರಲಿಲ್ಲ. ದೊಡ್ಡಮ್ಮ ಕಾಫಿ ಕೊಡುವಾಗೆಲ್ಲ ಚುಚ್ಚುತ್ತಿದ್ದರು. "ಯಾವನೋ ದನ ಕಾಯೋನು ಅನ್ಕತಾರೆ ಕಣ್ರೀ. ಆ ಪದಕಾನ ಎದೆಗ್ ಹಾಕ್ಕಂಡು ನಿಂತ್ಕಳಿ. ಟ್ರಂಕ್‌ನಾಗಿಟ್ರೆ ಮರಿ ಹಾಕ್ತದಾ ಅದು?" ದೊಡ್ಡಪ್ಪನದು ಯಾವಾಗಲೂ ಒಂದೇ ಉತ್ತರ: "ಅದು ನಂದೊಬ್ಬಂದಲ್ಲ ಕಣೇ. ಜೊತೇಲಿದ್ದ ಇಬ್ರು ವಾಪಸ್ ಬರಲಿಲ್ಲ. ಅವರನ್ನ ಲಾರಿಯವರಿಗೆ ತೋರಿಸ್ಕೊಂಡ್ ನಿಂತ್ಕೊಳ್ಲಾ?"

ನಾನು ಗಂಟು ಬಿಟ್ಟ ದಿನ ನನ್ನ ಕಾಲಲ್ಲಿ ಹೊಸ ಹವಾಯಿ ಚಪ್ಪಲಿ ಇತ್ತು. ನಡುರಸ್ತೆಯಲ್ಲಿ ಒಂದು ಜಾರಿತು. ಹೊಸದಲ್ಲವೇ, ಬಗ್ಗಿದೆ. ತಲೆ ಎತ್ತಿದಾಗ ಕಂಡಿದ್ದು ಲಾರಿಯ ಮೂತಿ, ಅದಕ್ಕೂ ನನಗೂ ನಡುವೆ ಎರಡೂ ಕೈ ಚಾಚಿ ನಿಂತ ದೊಡ್ಡಪ್ಪನ ಬೆನ್ನು. ಸುಟ್ಟ ರಬ್ಬರಿನ ವಾಸನೆ. "ಏಯ್ ತಾತ, ಸಾಯಕ್ಕೆ ನನ್ ಲಾರೀನೇ ಬೇಕಾಗಿತ್ತಾ?" ಎಂದು ಡ್ರೈವರ್ ಕಿರುಚಿದ. ದೊಡ್ಡಪ್ಪ ಚಪ್ಪಲಿ ಎತ್ತಿ ನನ್ನ ಕಾಲಿಗೆ ಹಾಕಿ, ಏಳನೇ ಗಂಟನ್ನು ನನ್ನ ಅಂಗೈಲಿಟ್ಟು ಮುಚ್ಚಿದರು. ನನ್ನನ್ನು ಬೈಯಲೇ ಇಲ್ಲ. ಮನೆಗೆ ಬಂದ ಮೇಲೆ ಅವರ ಲೋಟದ ಕಾಫಿ ಅರ್ಧ ನೆಲಕ್ಕೆ ಚೆಲ್ಲಿತೆಂದು ದೊಡ್ಡಮ್ಮ ಆಮೇಲೆ ಹೇಳಿದರು.

ಮಾರನೇ ದಿನ ದೊಡ್ಡಪ್ಪ ಟ್ರಂಕು ತೆಗೆದರು. ನುಸಿಗುಳಿಗೆ ವಾಸನೆಯ ಕೋಟು ಹಾಕಿ, ಎದೆಗೆ ಪದಕ ಚುಚ್ಚಿಕೊಂಡು, ಯಾರ ಮುಖವನ್ನೂ ನೋಡದೆ ಹೊರಟರು. ಮೊದಲು ಬಂದ ಲಾರಿಯ ಸರ್ದಾರ್ಜಿ ಸೀಟಿಗೆ ಮುಂಚೆಯೇ ಬ್ರೇಕ್ ಹಾಕಿ, ಕೆಳಗಿಳಿದು ಸೆಲ್ಯೂಟ್ ಹೊಡೆದ. ಹಿಂದೆ ಲಾರಿಗಳ ಸಾಲೇ ನಿಂತಿತು. ನಾವು ಅವಸರವಿಲ್ಲದೆ, ಮದುವೆ ದಿಬ್ಬಣದವರ ಹಾಗೆ ದಾಟಿದೆವು. ಅಲ್ಲಿಂದಾಚೆ ರಸ್ತೆಗೆ ಪೊಲೀಸಿನವರು ಬರುವತನಕ, ವರ್ಷಗಟ್ಟಲೆ, ಆ ಕೋಟು ಒಂದು ದಿನವೂ ತಪ್ಪಲಿಲ್ಲ, ನಮ್ಮ ಬೀದಿಯ ಒಂದು ಮಗುವಿಗೂ ಏನೂ ಆಗಲಿಲ್ಲ. ಈಗ ಆ ಹೆಂಚಿನ ಮನೆಯಿಲ್ಲ, ಅಲ್ಲಿ ಟೈಲ್ಸ್ ಅಂಗಡಿಯಿದೆ. ದೊಡ್ಡಪ್ಪ, ದೊಡ್ಡಮ್ಮ, ಅಪ್ಪ ಯಾರೂ ಇಲ್ಲ.

ಪದಕ ಹಾಕಿದ ಆ ಮೊದಲ ದಿನ ಸಂಜೆ ದೊಡ್ಡಮ್ಮ, "ಏನಂದ್ರು ನಿಮ್ ಲಾರಿಯವ್ರು?" ಎಂದು ಕೆಣಕಿದರು. ದೊಡ್ಡಪ್ಪ ಕೋಟು ಮಡಚುತ್ತ, "ಇವತ್ತು ರಸ್ತೇಲಿ ಮೂರು ಜನ ನಿಂತಿದ್ವಿ ಕಣೇ" ಎಂದರು. ದೊಡ್ಡಮ್ಮ ಹೊತ್ತಿಗೆ ಮುಂಚೆಯೇ ಎಲೆ ಹಾಕಿದರು. ಬಿಸಿ ಮುದ್ದೆ, ಹಿತಕಿದ ಅವರೇಬೇಳೆ ಸಾರು, ಹಸಿ ಈರುಳ್ಳಿ. ದಿನಾ ಎಲ್ಲರೂ ಮಲಗಿದ್ದಾರೆಯೇ ಎಂದು ನೋಡಿ ಕೊನೆಗೆ ಮಲಗುತ್ತಿದ್ದವರು ದೊಡ್ಡಪ್ಪ. ಅವತ್ತು ಅವರೇ ಮೊದಲು ಮಲಗಿದರು.