ಟೈರ್ ಕಾಕಾನ ಅಂಗೈ

ಮೊನ್ನೆ ಮಸ್ಕಿ ಬಂದ್ ಇತ್ತು. ಯಾತಕ್ಕೆ ಅಂತ ನಾನು ಕೇಳಲಿಲ್ಲ. ನಡುರಸ್ತೆಯಲ್ಲಿ ಹಳೇ ಟೈರ್ ಹಾಕಿ ಬೆಂಕಿ ಹಚ್ಚಿದ್ದರು. ಟ್ರ್ಯಾಕ್ಟರ್ ಬದಿಗೆ ನಿಲ್ಲಿಸಿ ಕೂತೆ. ಹೊಗೆ ನಮ್ಮ ಕಡೆಗೇ ತಿರುಗಿತು. ಎಲ್ಲರೂ ಟವೆಲಿನಿಂದ ಮೂಗು ಮುಚ್ಚಿಕೊಂಡರು. ಸುಟ್ಟ ರಬ್ಬರಿನ ಆ ವಾಸನೆಗೆ ನನಗೆ ಟೈರ್ ಕಾಕಾ ನೆನಪಾದರು...

ಕಾಕಾ ಅಂದರೆ ನಮ್ಮ ಸಂಬಂಧಿಕರಲ್ಲ. ರಸ್ತೆಯಲ್ಲಿ ಓಡಾಡುವವರೆಲ್ಲ ಹಾಗೇ ಕರೆಯುತ್ತಿದ್ದರು. ಮಸ್ಕಿ ದಾಟಿ ಲಿಂಗಸುಗೂರಿನ ಕಡೆ ಹೊರಟರೆ ಎಡಕ್ಕೆ ಒಂದು ಬೇವಿನ ಗಿಡ, ಅದರ ಕೆಳಗೆ ಅವರ ಪಂಕ್ಚರ್ ಅಂಗಡಿ. ನಾಲ್ಕು ತಗಡು, ಹವಾ ಹೊಡೆಯುವ ಯಂತ್ರ, ಟ್ಯೂಬಿನ ತೇಪೆ ಬೇಯಿಸುವ ಕಬ್ಬಿಣದ ಪ್ಲೇಟು. ಹಿಂದೆಯೇ ಮನೆ.

ನಾನು ಬಳಗಾನೂರಿನವನು. ಏಳನೇ ಇಯತ್ತೆಗೆ ಶಾಲೆ ಬಿಟ್ಟೆ. ಭತ್ತ ಕೊಯ್ಯುವ ಮಷಿನ್ ತಂಡದಲ್ಲಿ ಟ್ರ್ಯಾಕ್ಟರ್ ಓಡಿಸುತ್ತೇನೆ. ಮುಂದೆ ಮಷಿನ್, ಹಿಂದೆ ನನ್ನ ಟ್ರ್ಯಾಕ್ಟರ್, ಅದಕ್ಕೆ ಕಟ್ಟಿದ ಮನೆ-ಟ್ರಾಲಿ. ಎರಡು ಗಾಲಿಯ ಟ್ರಾಲಿಯ ಮೇಲೆ ತಗಡಿನ ಕೋಣೆ ಕೂರಿಸಿದ್ದಾರೆ. ಒಳಗೆ ಐದು ಜನ ಮಲಗುವ ಹಲಗೆ, ಗ್ಯಾಸ್ ಒಲೆ, ನೀರಿನ ಟಾಕಿ, ಡೀಸೆಲ್ ಡ್ರಮ್ಮು. ಸುಗ್ಗಿ ಮುಗಿಯುವ ತನಕ ಅದೇ ನಮ್ಮ ಮನೆ. ಮುಕ್ಕುಂದ, ಸಾಲಗುಂದ ಮುಗಿಸಿ ಮಸ್ಕಿ ಮೇಲೆ ಲಿಂಗಸುಗೂರಿನ ಕಡೆ ಹೋಗುತ್ತೇವೆ.

ಮೊದಲ ವರ್ಷ ಟ್ರಾಲಿಗೆ ಹಾಕಿದ್ದ ಹೊಸ ಟೈರ್ ಒಂದೇ ಸುಗ್ಗಿಗೆ ಹಾಳಾದವು. ಎರಡೂ ಅಂಚು ಬೋಳು, ನಡುವೆ ಮಾತ್ರ ಗೀರು ಉಳಿದಿತ್ತು. ಟೈರೇ ಖೋಟಾ ಅಂದುಕೊಂಡು ಬೈಯುತ್ತಾ ಕಾಕಾನ ಅಂಗಡಿಗೆ ಹೋದೆ. ಅವರು ಕುಕ್ಕರಗಾಲಲ್ಲಿ ಕೂತು ಟೈರಿನ ಮೇಲೆ ಅಂಗೈ ಆಡಿಸಿದರು. ಆಮೇಲೆ ಕೋಣೆಯ ಕಡೆ ನೋಡಿದರು.

“ದಾರಿ ಮ್ಯಾಲ ಬರೋ ಮುಂದ ಇದರಾಗ ಯಾರ್ ಮಲಗ್ತಾರಲೇ?”

“ರಾತ್ರಿ ಮಷಿನ್ ನಡೆಸೋ ಆಪರೇಟರ್ ರೀ. ಯಾಕ್ರೀ?”

“ಹವಾ ಅವನ ಬಿಡಾಕತ್ತಾನ. ಕೇಳು ಬೇಕಾದ್ರ.”

ಆಪರೇಟರ್ ಕಣ್ಣುಜ್ಜಿಕೊಳ್ಳುತ್ತಾ ಬಾಗಿಲಿಗೆ ಬಂದ. “ಅಲ್ರೀ ಕಾಕಾ, ನಿದ್ದಿ ಹತ್ತಬೇಕಲ್ರೀ! ಹವಾ ಬಿಗಿ ಇದ್ರ ತಗ್ಗಿಗೊಮ್ಮೆ ತಲಿ ತಗಡಿಗೆ ಬಡಿತೈತಿ.”

“ಬಡೀಲಿ ಬಿಡು. ಒಳಗ ಏನೈತಂತ ಅಷ್ಟು ಜೋಪಾನ ಮಾಡ್ತಿ?”

ಅಲ್ಲಿದ್ದವರೆಲ್ಲ ನಕ್ಕರು. ಮೆತ್ತಗೆ ಹೋಗಲಿ ಅಂತ ಅವನು ದಿನಾ ಹವಾ ಬಿಡುತ್ತಿದ್ದದ್ದು ನನಗೇ ಗೊತ್ತಿರಲಿಲ್ಲ. ಕಾಕಾನ ಅಂಗೈಗೆ ಗೊತ್ತಾಯಿತು. ಹವಾ ಕಡಿಮೆಯಾದರೆ ಅಂಚು ಸವೆಯುತ್ತದೆ, ಹೆಚ್ಚಾದರೆ ನಡು ಸವೆಯುತ್ತದೆ, ಗಾಲಿಯ ಅಚ್ಚು ಬಾಗಿದ್ದರೆ ಒಂದೇ ಕಡೆ ಸವೆಯುತ್ತದೆ. ಇದೆಲ್ಲ ಅವರೇ ನನಗೆ ಹೇಳಿಕೊಟ್ಟಿದ್ದು. ಆದರೆ ಕಣ್ಣಿಗೆ ಕಾಣದ ಸವೆತ ಇರುತ್ತದೆ, ಅದನ್ನು ಕೈಯಿಂದ ಮಾತ್ರ ಹಿಡಿಯಬೇಕು ಅನ್ನುತ್ತಿದ್ದರು. ಸಿಂಧನೂರಿನಿಂದ ಅಕ್ಕಿ ತುಂಬಿಕೊಂಡು ಹೋಗುವ ಲಾರಿಯವರು ಅದಕ್ಕೇ ಅಲ್ಲಿ ನಿಲ್ಲಿಸುತ್ತಿದ್ದರು. ಪಂಕ್ಚರ್ ಯಾರಾದರೂ ಹಾಕುತ್ತಾರೆ. ಕಾಕಾನ ಅಂಗಡಿ ನಡೆಯುತ್ತಿದ್ದುದು ಆ ಅಂಗೈಯಿಂದ.

ಮೂರನೇ ವರ್ಷ ಟ್ರಾಲಿ ಒಂದು ಕಡೆ ಎಳೆಯತೊಡಗಿತು. ಎರಡೂ ಟೈರ್ ಉಜ್ಜುತ್ತಿದ್ದವು, ಎಡಗಡೆಯದು ಹೆಚ್ಚು. ಕಾಕಾನ ಅಂಗಡಿಯ ಹಲಗೆ ಮೇಲೆ ಇಬ್ಬರು ಲಾರಿ ಡ್ರೈವರ್‌ಗಳು ಚಹಾ ಕುಡಿಯುತ್ತಾ ಕೂತಿದ್ದರು. ಕಾಕಾ ಕೈ ಆಡಿಸಿದರು. ಇನ್ನೊಮ್ಮೆ ಆಡಿಸಿದರು.

“ಹವಾ ಕಡಿಮಿ ಐತಿ. ಮತ್ತ ಅವನ ಬಿಟ್ಟಾನ, ಆ ನಿದ್ದಿಬಡಕ.”

ಆಪರೇಟರ್ ಆ ವರ್ಷ ನಮ್ಮ ಜತೆ ಇರಲೇ ಇಲ್ಲ. ಹವಾ ಅವತ್ತು ಬೆಳಿಗ್ಗೆ ನಾನೇ ಹೊಡೆಸಿದ್ದೆ. ನಾನೂ ಟೈರಿನ ಮೇಲೆ ಕೈ ಎಳೆದೆ. ಗರಗಸದ ಹಲ್ಲಿನ ಹಾಗೆ ಚುಚ್ಚಿತು. ಇದು ಅವರಿಗೆ ಹೇಗೆ ಸಿಗಲಿಲ್ಲ ಅಂತ ಯೋಚಿಸುವಷ್ಟರಲ್ಲಿ ಕಾಕಾ ಏಳಲು ಹೋಗಿ ಪಕ್ಕದ ಪ್ಲೇಟಿನ ಮೇಲೆ ಕೈ ಊರಿದರು. ಅದು ಕಾದಿತ್ತು. ಅವರು ಕೈ ತೆಗೆಯಲೇ ಇಲ್ಲ. ನಾನೇ ರಟ್ಟೆ ಹಿಡಿದು ಎಳೆದೆ. ಬೆರಳ ತುದಿಯ ಚರ್ಮ ಬಿಳಿಚಿಕೊಂಡಿತ್ತು. ಪಕ್ಕದ ಬೆರಳುಗಳ ಮೇಲೆ ಹಳೇ ಸುಟ್ಟ ಗಾಯಗಳಿದ್ದವು.

“ಕಾಕಾ, ನಿಮ್ಮ ಕೈಗೆ ಏನೂ ಗೊತ್ತಾಗವಲ್ದು!” ಅಂದೆ.

ಮೆತ್ತಗೆ ಹೇಳಬಹುದಿತ್ತು. ಆ ಇಬ್ಬರು ಎದ್ದು ಹೋದ ಮೇಲೆ ಹೇಳಬಹುದಿತ್ತು. ನಾನು ಒದರಿದೆ.

ಒಬ್ಬ ಡ್ರೈವರ್ ನಕ್ಕ. “ಹಂಗಾರ ನಮ್ಮ ಗಾಡಿ ನೋಡಿದ್ದೂ ಬರೇ ಅಂದಾಜಿನ ಮ್ಯಾಲ ಏನ್ ಕಾಕಾ?”

ಕಾಕಾ ಸುಟ್ಟ ಬೆರಳು ನೋಡುತ್ತಾ ನನಗೆ ಹೇಳಿದರು. “ಸಕ್ರಿ ಬ್ಯಾನಿ. ವರ್ಷ ಆತು. ಬೆರಳಿನಾಗ ಜೀವ ಇಲ್ಲ.”

ಡ್ರೈವರ್‌ಗಳು ಲಾರಿ ಹತ್ತಿ ಹೊರಟರು. ಕಾಕಾ ಮತ್ತೆ ಟೈರಿನ ಮುಂದೆ ಕೂತರು. “ಬಾ ಇಲ್ಲಿ. ನಿನ್ನ ಕೈ ಇಡು. ಹೊರಗಿಂದ ಒಳಗ ಎಳಿ. ಏನಾಕೈತಿ?”

“ಚುಚ್ಚತೈತ್ರಿ.”

“ಈಗ ಒಳಗಿಂದ ಹೊರಗ.”

“ನುಣ್ಣಗೈತ್ರಿ.”

“ಖರೆ ಹೇಳು. ನನ್ನ ಮನಸಿಗೆ ಹಿತ ಆಗ್ಲಿ ಅಂತ ಹೇಳಬ್ಯಾಡ.”

“ಖರೆನ ಐತ್ರಿ ಕಾಕಾ.”

“ಹಂಗಾರ ಗಾಲಿ ಮಾರಿ ಹೊರಗ ತಿರುಗೈತಿ. ಎಡಗಡಿ ಅಚ್ಚು ಹಿಂದಕ್ಕ ಬಾಗೈತಿ. ಎಲ್ಲಿ ಬಡಿಸ್ಕೊಂಡಿ?”

ಸಾಲಗುಂದದಲ್ಲಿ ಕಾಲುವೆಯ ಸಣ್ಣ ಸೇತುವೆ ದಾಟುವಾಗ ಎಡಗಡೆ ಗಾಲಿ ಕಲ್ಲಿಗೆ ಜೋರಾಗಿ ಬಡಿದಿತ್ತು. ನಾನು ಯಾರಿಗೂ ಹೇಳಿರಲಿಲ್ಲ. ಲಿಂಗಸುಗೂರಿನ ವೆಲ್ಡಿಂಗ್ ಅಂಗಡಿಯಲ್ಲಿ ಅಚ್ಚು ಬಿಚ್ಚಿದಾಗ ಕಾಕಾ ಹೇಳಿದಷ್ಟೇ, ಹೇಳಿದ ಕಡೆಯೇ ಬಾಗಿತ್ತು. ಬರಾಬರ್ ಮಾಡಿಸಿದ ಮೇಲೆ ಆ ಟೈರ್ ಮೂರು ಸುಗ್ಗಿ ಬಂದವು.

ಆ ಇಬ್ಬರು ಡ್ರೈವರ್‌ಗಳು ಇದನ್ನು ನೋಡಲಿಲ್ಲ. ಚಹಾ ಮುಗಿಸಿ ಆಗಲೇ ಹೋಗಿದ್ದರು. ಅವರು ಸಿಂಧನೂರಿನ ತನಕ ಒಯ್ದದ್ದು ಕೈ ಸತ್ತ ಮಾತನ್ನಷ್ಟೇ. ಲಾರಿಯವರ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲುವುದು ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು. ಕೈ ಸತ್ತರೂ ತಲೆ ನೆಟ್ಟಗಿದೆ, ಯಾರಾದರೂ ಪಕ್ಕದಲ್ಲಿ ಕೂತು ಕೈಗೆ ಸಿಕ್ಕದ್ದನ್ನು ಹೇಳಿದರೆ ಸಾಕು ಅನ್ನುವುದು ನನಗೊಬ್ಬನಿಗೇ ಗೊತ್ತಿತ್ತು. ನಾನು ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಮುಂದಿನ ವರ್ಷ ಆ ರಸ್ತೆಯಲ್ಲಿ ನಾಲ್ಕು ಸಲ ಹೋದೆ. ಪ್ರತಿ ಸಲ ಅವರು ಕೂತಲ್ಲಿಂದ ಕೈ ಎತ್ತಿದರು. ನಾನು ಹಾರ್ನ್ ಹೊಡೆದು ಮುಂದೆ ಹೋದೆ. ಟೈರ್ ನೆಟ್ಟಗಿದ್ದವು, ನಿಲ್ಲುವ ಕೆಲಸವಿರಲಿಲ್ಲ. ಅವರ ಮುಂದೆ ಕೂತರೆ ಏನು ಮಾತಾಡಬೇಕು ಅಂತಲೂ ತಿಳಿಯಲಿಲ್ಲ...

ಅದರ ಮುಂದಿನ ಸುಗ್ಗಿಗೆ ತಗಡಿನ ಬಾಗಿಲು ಮುಚ್ಚಿತ್ತು. ಇಳಿದು ಹಿಂದಿನ ಮನೆಗೆ ಹೋದೆ. ಅವರ ಹೆಂಡತಿ, ಕಾಕಿ, ಅಕ್ಕಿ ಆರಿಸುತ್ತಿದ್ದರು. ಕಾಲಿಗೆ ಮೊಳೆ ಚುಚ್ಚಿದ್ದು ಕಾಕಾಗೆ ಗೊತ್ತಾಗಲಿಲ್ಲವಂತೆ. ಗಾಯ ಕೊಳೆತು ಕಾಲು ತೆಗೆದರಂತೆ. ಮನೆಗೆ ಬಂದು ತಿಂಗಳು ಉಳಿಯಲಿಲ್ಲವಂತೆ.

“ಮನಿ-ಟ್ರಾಲಿ ಹುಡುಗ ನೀನ ಏನಪಾ?” ಅಂತ ಕಾಕಿ ಕೇಳಿದರು.

“ಹೂನ್ರೀ.”

“ನಿನ್ನ ದಾರಿ ಕಾಯ್ತಿದ್ರು. ಅವನ ಕೈ ಚಲೋ ಐತಿ, ಬಂದ್ರ ಇಬ್ರೂ ಕೂಡಿ ನಾಕ್ ಗಾಡಿ ನೋಡ್ಬಹುದು, ಜನ ಮತ್ತ ನಂಬ್ತಾರ ಅಂತಿದ್ರು. ಕುರ್ಚಿ ರಸ್ತಾದ ಕಡೆ ಹಾಕಿಸ್ಕೊಂಡು ಕೂಡ್ತಿದ್ರು.”

ಕಾಕಿ ನೀರು ಕೊಟ್ಟರು. ಕುಡಿದು ಬಂದೆ.

ಮೊನ್ನೆ ಮಧ್ಯಾಹ್ನ ಪೊಲೀಸರು ಬಂದು ರಸ್ತೆ ಬಿಡಿಸಿದರು. ಆ ಜಾಗ ದಾಟಿಯೇ ಲಿಂಗಸುಗೂರಿಗೆ ಹೋದೆ. ಬೇವಿನ ಗಿಡ ಇಲ್ಲ, ರಸ್ತೆ ಅಗಲ ಮಾಡುವಾಗ ಕಡಿದರು. ಕಾಕಿ ಮಗಳ ಊರಿಗೆ ಹೋಗಿದ್ದಾರಂತೆ, ಯಾವ ಊರು ಅಂತ ಯಾರಿಗೂ ಗೊತ್ತಿಲ್ಲ. ನಾನು ಕೆಲಸ ಬಿಟ್ಟು ಅವರ ಜತೆ ಇರಬೇಕು ಅಂತ ಕಾಕಾ ಕೇಳಿರಲಿಲ್ಲ. ಹೋಗುವಾಗ ಒಂದು ತಾಸು, ಬರುವಾಗ ಒಂದು ತಾಸು, ನಾಲ್ಕು ಜನ ನೋಡುವ ಹಾಗೆ ಅವರ ಪಕ್ಕದಲ್ಲಿ ಕೂತಿದ್ದರೆ ಸಾಕಿತ್ತು. ನಾಲ್ಕು ಸಲ ಹಾರ್ನ್ ಹೊಡೆದೆ. ಒಂದು ಸಲವೂ ಬ್ರೇಕ್ ಹಾಕಲಿಲ್ಲ.