ಅವ್ವ ಪೊಲೀಸರನ್ನ ಕರಸಿದ್ದು ಯಾರ ಸಂಬಂಧ

ಗೆಳೆಯರ, ಇವತ್ತು ಮಧ್ಯಾಹ್ನ ಶಹಾಪುರ ಬಸ್‌ಸ್ಟ್ಯಾಂಡಿನ್ಯಾಗ ಒಬ್ಬಾಂವ ನಮ್ಮವ್ವನ ಕೈಯಾಗಿನ ಫೋನ್ ಕಸ್ಕೊಂಡು ಓಡಿದ. ಮಂದಿ ಬೆನ್ನುಹತ್ತಿ ಕೆನಾಲ್ ದಂಡಿ ಮ್ಯಾಲ ಅವನ್ನ ಹಿಡದು ಬಡ್ಯಾಕ ಹತ್ತಿದ್ರು. ನಾವು ಮುಟ್ಟೂದ್ರಾಗ ಅವನ ಬಾಯಾಗಿಂದ ರಕ್ತ ಸೋರಾಕತ್ತಿತ್ತು. ಅವ್ವ ಗದ್ದಲದಾಗ ನುಗ್ಗಿ, ಸೆರಗು ಬಿಗಿದು ಅವನ ಮುಂದ ನಿಂತಳು.

"ಏ, ಲಗೂನ 112ಕ್ಕ ಫೋನ್ ಹಚ್ಚು!" ಅಂತ ನನಗ ಒದರಿದಳು. ನಾ ಫೋನ್ ಹಚ್ಚಿದೆ.

ಜೀಪು ಬಂತು. ಹವಾಲ್ದಾರ್ ಸಾಹೇಬ್ರು ಇಳಿದು ಕೇಳಿದ್ರು, "ಯವ್ವಾ, ಕಳ್ಳ ಯಾರು?"

"ಕಳ್ಳ ಇಂವನ ರೀ. ಆದ್ರ ನಾ ನಿಮ್ಮನ್ನ ಕರಸಿದ್ದು ಇವರ ಸಂಬಂಧ," ಅಂತ ಅವ್ವ ಬಡದವರ ಕಡಿ ಕೈ ಮಾಡಿದಳು. ಮಂದಿ ಒಬ್ಬೊಬ್ಬರಾಗಿ ಹಿಂದ ಸರದ್ರು.

ಹವಾಲ್ದಾರ್ ಸಾಹೇಬ್ರು ನಕ್ಕು, ಕಳ್ಳಗ ನೀರು ಕುಡಿಸಿ, "ಮೊದಲ ದವಾಖಾನಿಗೆ ಒಯ್ತೀವಿ," ಅಂದ್ರು. ಅವ್ವ ಜೀಪಿನ ಬಾಗಲಾ ಬಿಡಲಿಲ್ಲ. "ನೀವೂ ಬಡಿಬ್ಯಾಡ್ರಿ ಮತ್ತ. ನಾಳಿ ಠಾಣೆಗೆ ಬಂದು ನೋಡ್ತೀನಿ."

"ಬಾ ಯವ್ವಾ, ನೀನ ಬಂದು ನೋಡು," ಅಂದ್ರು ಅವರು.

ಫೋನ್ ಸಿಕ್ಕದ. ಅವ್ವ ಈಗ ನಾಳಿಗಂತ ಹೆಚ್ಚಿಗಿ ರೊಟ್ಟಿ ಮಾಡಾಕತ್ಯಾಳ. ಹವಾಲ್ದಾರ್ ಸಾಹೇಬ್ರಿಗೋ ಕಳ್ಳಗೋ, ಕೇಳೂ ಧೈರ್ಯ ನನಗಿಲ್ಲ.