ಒಣಕಸದ ಚೀಲ

ಕೂತಲ್ಲಿ ಕೂರುವುದು ನನಗೆ ಬರುವುದಿಲ್ಲ. ಅನ್ನ ಬೇಯುವಾಗ ಮೂರು ಸಲ ಮುಚ್ಚಳ ತೆಗೆಯುತ್ತೇನೆ. ಬಿತ್ತಿದ ಬೀಜ ಮೊಳೆಯಿತೋ ಎಂದು ಮಣ್ಣು ಕೆದಕಿ ಅದನ್ನು ಸಾಯಿಸುತ್ತೇನೆ. "ಕೆದ್ಕುದ್ ಬಿಟ್ರೆ ನಿಮ್ಗ್ ಬೇರೆ ಕೆಲ್ಸ ಇಲ್ಯಾ ಅತ್ತೆ?" ಎಂದು ಸೊಸೆ ಕೇಳುತ್ತಾಳೆ. ಇಲ್ಲ. ಮೀನಿನ ಬುಟ್ಟಿ ಹೊತ್ತು ವಂಡ್ಸೆಯವರೆಗೆ ಮನೆಮನೆ ತಿರುಗಿದ ಕಾಲು ಇದು. ಮಂಡಿನೋವಿಗೆ ಬುಟ್ಟಿ ಇಳಿಸಿದ ಮೇಲೆ ಅಂಗಳದಲ್ಲೇ ಸುತ್ತುತ್ತಿತ್ತು.

ಹಾಗಾಗಿ ಮೊಮ್ಮಗಳ ಶಾಲೆಯಲ್ಲಿ ಪೋಷಕರ ಸಭೆ ಎಂದಾಗ ಸೊಸೆಗಿಂತ ಮೊದಲು ನಾನೇ ಚಪ್ಪಲಿ ಮೆಟ್ಟಿದೆ. ಬಿಸಿಯೂಟ ಶುರುವಾದ ಮೇಲೆ ಶಾಲೆಯಲ್ಲಿ ಚೆಲ್ಲುವುದು ಹೆಚ್ಚಾಗಿತ್ತು. ಹೊಸ ಟೀಚರ್ ಹಿತ್ತಲಲ್ಲಿ ಗೊಬ್ಬರದ ಗುಂಡಿ ತೆಗೆಸಿದ್ದರು. "ಮನೆಯಿಂದಲೂ ಎರಡು ಚೀಲ ಕಳಿಸಿ. ಹಸಿಕಸ ಗುಂಡಿಗೆ, ಒಣಕಸ ಗುಜರಿಗೆ" ಎಂದರು. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಅರ್ಥವಾಗುವ ಮಾತು ಶಾಲೆಯಲ್ಲಿ ಸಿಗುವುದು ಅಪರೂಪ. ಜೋರಾಗಿ ತಲೆಯಾಡಿಸಿದೆ.

ಹಸಿ, ಒಣ ಎಂದರೇನೆಂದು ನನಗೆ ಯಾರೂ ಕಲಿಸಬೇಕಾಗಿಲ್ಲ. ನಮ್ಮ ಕೇರಿಯಲ್ಲಿ ಜಗತ್ತೇ ಎರಡು ಪಾಲು: ಹಸಿಮೀನು, ಒಣಮೀನು. ದೋಣಿ ಕಡಲಿಗೆ ಇಳಿಯುವಾಗ ಅದು, ಮಳೆಗಾಲದಲ್ಲಿ ಇದು. ಟೀಚರ್ ಸಾಲಿಗ್ರಾಮದ ಕಡೆಯವರು, ಮೀನು ಮುಟ್ಟದ ಮನೆ. ಅವರ ಮಾತು ನಮ್ಮ ಕೇರಿಗೆ ಬರುವಷ್ಟರಲ್ಲಿ ಏನಾಗುತ್ತದೆಂದು ಅವರಿಗೆ ಹೇಗೆ ಗೊತ್ತಾಗಬೇಕು? ಮಳೆಗಾಲ ಮುಗಿದಿತ್ತು. ಡಬ್ಬಿಯ ತಳದಲ್ಲಿ ಉಳಿದ ಒಣಮೀನಿನ ತಲೆ, ಬಾಲ, ಪುಡಿ ಎಲ್ಲ ಗುಡಿಸಿ ಒಣಚೀಲಕ್ಕೆ ತುಂಬಿ ಶನಿವಾರ ಕಳಿಸಿದೆ.

ಚೀಲ ಹೆಡ್‌ಮಾಸ್ಟ್ರ ಕೋಣೆಯಲ್ಲಿ ಹಳೇ ಪೇಪರಿನ ಜತೆ ಗುಜರಿಯವನನ್ನು ಕಾಯುತ್ತ ಕೂತಿತು. ಸೋಮವಾರ ಬಾಗಿಲು ತೆಗೆದರೆ, ಕಿಟಕಿಯಿಂದ ಬಂದ ಬೆಕ್ಕು ಹಾಜರಿ ಪುಸ್ತಕದ ಮೇಲೆ ಊಟಕ್ಕೆ ಕೂತಿತ್ತಂತೆ.

ಮೊಮ್ಮಗಳು ಅಳುತ್ತ ಬಂದಳು. "ಗುಂಡಿಯೂ ನಾರತ್ತ್ ಅಂಬ್ರ್ ಅಜ್ಜಿ. ದಸರಾ ರಜೆ ಮುಗುದ್ರೊಳಗೆ ನಾತ ಹೋಗ್ದಿದ್ರೆ ಹೆಡ್‌ಮಾಸ್ಟ್ರು ಅದನ್ನ್ ಮುಚ್ಸ್ತ್ರಂಬ್ರ್. ಟೀಚರ್ ಯಾರತ್ರೂ ಮಾತಾಡುದಿಲ್ಲೆ."

ಹೋದೆ. ಟೀಚರ್ ಗುಂಡಿಯ ಬದಿಯಲ್ಲಿ ಒಬ್ಬರೇ ನಿಂತಿದ್ದರು. ಕ್ಷಮೆ ಕೇಳುವ ಅಭ್ಯಾಸ ನನಗಿಲ್ಲ.

"ಒಣ ಅಂದ್ರೆ ಒಣಗಿದ್ದಲ್ದಾ ಟೀಚರೇ?"

"ಒಣ ಅಂದ್ರೆ ಕಾಗ್ದ, ಪ್ಲಾಸ್ಟಿಕ್ ಅಮ್ಮ."

"ಹಾಂಗಾರೆ ಈ ತರಗೆಲೆ? ಒಣಗಿತ್ತಲೆ. ಗುಜರಿಗಾ?"

"ಅದ್ ಗುಂಡಿಗೆ."

"ಹಾಲಿನ ಪ್ಲಾಸ್ಟಿಕ್ ತೊಟ್ಟೆ ಒದ್ದೆ ಇತ್ತ್. ಅದೂ ಗುಂಡಿಗಾ?"

ಟೀಚರ್ ನಕ್ಕುಬಿಟ್ಟರು. "ನಂಗೇ ಗೊತ್ತಾತಿಲ್ಲೆ ಮಾರಾಯ್ರೆ."

ಗುಂಡಿ ನಾರದೆ ಇನ್ನೇನು? ಉಳಿದ ಅನ್ನ, ಸಾಂಬಾರು ಸುರಿದು ಮೇಲೆ ಹಲಗೆ ಮುಚ್ಚಿಬಿಟ್ಟಿದ್ದರು. ಬೆಕ್ಕು ತಿಂದು ಉಳಿದ ನನ್ನ ಮೀನಿನ ತಲೆಗಳನ್ನೂ ಅದರ ತಳಕ್ಕೇ ಹಾಕಿದೆ. ಮೇಲೆ ಒಲೆಬೂದಿ, ತರಗೆಲೆ. ರಜೆಯಲ್ಲಿ ದಿನಾ ಬೆಳಿಗ್ಗೆ ಕೋಲು ಹಿಡಿದು ಹೋಗುತ್ತಿದ್ದೆ. ಗೊಬ್ಬರವಾಯಿತೋ ಎಂದು ನೋಡುವುದು, ಆಗಿಲ್ಲವೆಂದು ಸಿಟ್ಟಿನಿಂದ ಕೆದಕುವುದು, ಎಲೆ ಹಾಕುವುದು. "ಶಾಲಿಗ್ ರಜೆ, ನಿಮ್ಗಿಲ್ಯಾ?" ಎಂದಳು ಸೊಸೆ.

ರಜೆ ಮುಗಿದ ದಿನ ಹೆಡ್‌ಮಾಸ್ಟ್ರು ಮೂಗಿಗೆ ಕರವಸ್ತ್ರ ಹಿಡಿದು ಬಂದರು. ಕಪ್ಪಗಾಗಿದ್ದ ಗೊಬ್ಬರವನ್ನು ಕೋಲಿನಿಂದ ಎತ್ತಿ ತೋರಿಸಿದೆ. ಕರವಸ್ತ್ರ ನಿಧಾನವಾಗಿ ಕಿಸೆ ಸೇರಿತು.

"ಮೀನಿನ್ ತಲೆ ಎಲ್ಲಿತ್ತ್?"

"ಬೇಕಾರೆ ಕೈ ಹಾಕಿ ಹುಡ್ಕಿ."

ಅವರು ಹುಡುಕಲಿಲ್ಲ. ಗುಂಡಿ ಉಳಿಯಿತು. ಆಗಾಗ ಕೆದಕಬೇಕೆಂದು ಪುಸ್ತಕದಲ್ಲೇ ಇದೆಯಂತೆ, ಟೀಚರ್ ಹೇಳಿದರು. ಆ ಪುಟವನ್ನು ನನ್ನ ಸೊಸೆಗೆ ತೋರಿಸಿ ಎಂದೆ.

ಈಗ ಶಾಲೆಯ ಬುಟ್ಟಿಗಳ ಮೇಲೆ ಹಸಿ, ಒಣ ಎಂದಿಲ್ಲ. 'ಕೊಳೆಯುವುದು', 'ಕೊಳೆಯದ್ದು' ಎಂದು ಬರೆದಿದ್ದಾರೆ. ಮೊನ್ನೆ ಮೊಮ್ಮಗಳು ಕೇಳಿದಳು, "ಅಜ್ಜಿ, ನಿನ್ನ್ ಯಾವ್ ಬುಟ್ಟಿಗ್ ಹಾಕುದ್?"

"ಕೊಳಿಯುದಕ್ಕೇ ಹೆಣ್ಣೇ. ಆದ್ರೆ ಮುಚ್ಚಿಟ್ ಮರಿಬೇಡ, ನಾತ ಬತ್ತ್."